ಫಾತೆಹಾದಲ್ಲಿ ಬಿಟ್ಟ ಹೆಸರು

ಝಳಕಿಯಲ್ಲಿ ಬಸ್ಸಿನಿಂದ ಇಳಿದಾಗ ಮೊದಲು ಕಣ್ಣಿಗೆ ಬಿದ್ದದ್ದು ಇಸಾಕನ ಮುಖ. ಹೆದ್ದಾರಿಯ ಬದಿಗೆ ಎರಡು ಕಂಬಗಳ ನಡುವೆ ಫ್ಲೆಕ್ಸ್ ಕಟ್ಟಿಸಿದ್ದ. ಅದರಲ್ಲಿ ಅವನ ತಲೆ ನಮ್ಮ ಮನೆಯ ಕಿಟಕಿಯಷ್ಟು ದೊಡ್ಡದಿತ್ತು. ಪಕ್ಕದಲ್ಲಿ ಚಿಕ್ಕದಾಗಿ ಒಬ್ಬ ಹೆಣ್ಣುಮಗಳ ಫೋಟೋ. ಮೇಲೆ, ‘ಮಾರೀಷಸ್ ದೇಶದಿಂದ ತನ್ನ ಮೂಲ ಮನೆಗೆ ಬಂದ ನಮ್ಮ ಮಗಳು ಶಬಾನಾಗೆ ಸುಸ್ವಾಗತ’ ಎಂದು ಬರೆಸಿದ್ದ. ‘ಮೂಲ ಮನೆ’ ಎಂಬ ಮಾತನ್ನು ನಾನು ಎರಡು ಸಲ ಓದಿದೆ. ಮೂವತ್ನಾಲ್ಕು ವರ್ಷ ಕನ್ನಡ ಶಾಲೆಯಲ್ಲಿ ಮಕ್ಕಳ ತಪ್ಪು ತಿದ್ದಿದವನು ನಾನು. ಇಷ್ಟು ದೊಡ್ಡ ತಪ್ಪನ್ನು ಇಷ್ಟು ದೊಡ್ಡ ಅಕ್ಷರಗಳಲ್ಲಿ ಎಂದೂ ಕಂಡಿರಲಿಲ್ಲ.

ಮೂಲ ಮನೆ ನಮ್ಮದು, ತಾಂಬಾದ್ದು. ಆ ಹೆಣ್ಣುಮಗಳು ಬಂದದ್ದು ರಾವಸಾಬನ ವಂಶದಿಂದ. ರಾವಸಾಬನೆಂದರೆ ನನ್ನ ಅಜ್ಜನ ಅಜ್ಜನಿಗೆ ಸ್ವಂತ ಅಣ್ಣ, ನಮ್ಮ ಇಮಾಮಸಾಬನ ಹಿರಿಯ ಮಗ. ಕಂಪನಿ ಸರಕಾರದ ಕಾಲದಲ್ಲಿ ಒಂದು ದಿನ ಮನೆ ಬಿಟ್ಟುಹೋದ. ಸೋಲಾಪುರಕ್ಕೆ ಹೋದನಂತೆ, ಮುಂಬಯಿಗೆ ಹೋದನಂತೆ, ಹಡಗು ಹತ್ತಿದನಂತೆ. ಅದರಾಚೆಗೆ ಸುದ್ದಿಯಿಲ್ಲ. ಅವನ ತಾಯಿ ಮಾತ್ರ ಝಳಕಿಯವಳು, ಇಸಾಕನ ಮನೆತನದಿಂದ ಬಂದವಳು. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕೆಂಬುದು ಅಂದಿಗೂ ಇಂದಿಗೂ ನಮ್ಮ ಸೀಮೆಯ ಪದ್ಧತಿ. ಆದ್ದರಿಂದ ರಾವಸಾಬ ಕಣ್ಣು ತೆರೆದದ್ದು ಝಳಕಿಯಲ್ಲಿ. ಮೂರು ತಿಂಗಳ ಕೂಸನ್ನು ತಾಂಬಾಕ್ಕೆ ತಂದರು. ಹಡಗಿನ ಗುಮಾಸ್ತ ‘ಹುಟ್ಟಿದೂರು ಯಾವುದು’ ಎಂದು ಕೇಳಿರಬೇಕು. ಅವನು ಝಳಕಿ ಎಂದಿರಬೇಕು. ನಮ್ಮಲ್ಲಿ ಹುಟ್ಟಿದೂರು ಬೇರೆ, ಮನೆಯ ಊರು ಬೇರೆ ಎಂಬುದು ಗುಮಾಸ್ತನಿಗೆ ಹೇಗೆ ತಿಳಿಯಬೇಕು?

ತಾಯಿಯ ಹೆಸರು ಖಾತುನಬಿ. ಮಗ ಹೋದ ಎಷ್ಟೋ ವರ್ಷಗಳ ಮೇಲೆ ಇಮಾಮಸಾಬ ತೀರಿಕೊಂಡಾಗ ಆಕೆ ಮನೆಮಂದಿಗೆ ಒಂದು ಮಾತು ಹೇಳಿದಳು. ಸುದ್ದಿ ಬರುವ ತನಕ ರಾವಸಾಬನ ಹೆಸರಿನಲ್ಲಿ ಯಾರೂ ಫಾತೆಹಾ ಓದಬಾರದು. ಓದಿದರೆ ಅವನು ಸತ್ತನೆಂದು ನಾವೇ ಒಪ್ಪಿದಂತಾಗುತ್ತದೆ. ಆಕೆ ಹೋದಳು. ಆಕೆಯ ಮಕ್ಕಳು ಮೊಮ್ಮಕ್ಕಳು ಹೋದರು. ಆ ಮಾತು ಉಳಿಯಿತು. ಪ್ರತಿ ಶಬೇಬರಾತಿನ ಸಂಜೆ ನಮ್ಮ ಮನೆಯಲ್ಲಿ ಲೋಬಾನದ ಹೊಗೆ ಹಾಕಿ, ಮಾಲದಿಯ ತಾಟು ಮುಂದಿಟ್ಟು, ಗತಿಸಿದವರ ಹೆಸರುಗಳನ್ನು ಒಂದೊಂದಾಗಿ ಹೇಳುತ್ತೇವೆ. ರಾವಸಾಬನ ಜಾಗ ಬಂದಾಗ ಒಂದು ಉಸಿರು ಸುಮ್ಮನಿದ್ದು ಮುಂದೆ ಹೋಗುತ್ತೇವೆ. ನನ್ನ ಹೆಂಡತಿ ಮಾಬುಬಿ ಚಪಾತಿ ಪುಡಿಮಾಡಿ ಬೆಲ್ಲ ತುಪ್ಪ ಕಲಸಿದ ಆ ಮಾಲದಿಯಲ್ಲಿ ಒಂದು ಹಿಡಿಯನ್ನು ಬೇರೆ ಬಟ್ಟಲಿನಲ್ಲಿ ತೆಗೆದಿಡುತ್ತಿದ್ದಳು. ಫಾತೆಹಾ ಆ ಬಟ್ಟಲಿಗೆ ಅಲ್ಲ. ಅದು ಊರಿಗೆ ಹೋದವನು ಬಂದರೆ ಉಣ್ಣಲಿಕ್ಕೆ.

“ಸುದ್ದಿ ಬಂದ ದಿನ ಇಡೀ ತಾಂಬಾಕ್ಕ ಮಾಲದಿ ಹಂಚತೇನಿ ನೋಡ್ರಿ,” ಎನ್ನುತ್ತಿದ್ದಳು.

ನಾನು ಸುಮ್ಮನೆ ಕೂತವನಲ್ಲ. ಮುಂಬಯಿಗೆ, ದಿಲ್ಲಿಗೆ, ಎಲ್ಲೆಲ್ಲಿಯದೋ ರಾಯಭಾರ ಕಚೇರಿಗಳಿಗೆ ಪತ್ರ ಬರೆದೆ. ಹನ್ನೊಂದು ಪತ್ರಗಳು. ಅಂಚೆಪೆಟ್ಟಿಗೆಗೆ ಹಾಕಿ ಬರುವವಳು ಮಾಬುಬಿ. ಒಂದಕ್ಕೂ ಉತ್ತರವಿಲ್ಲ. ಇಸಾಕ ಒಂದು ಅಕ್ಷರ ಬರೆದವನಲ್ಲ. ಹೆದ್ದಾರಿಯ ಬದಿಗೆ ಹೋಟೆಲು ಹಾಕಿಕೊಂಡು ಲಾರಿಯವರಿಗೆ ಚಹಾ ಕುಡಿಸುತ್ತ ಕೂತವನು. ಸುದ್ದಿ ತಾನಾಗಿ ನಡೆದು ಅವನ ಹೋಟೆಲಿಗೆ ಬಂತು. ಮಾಬುಬಿ ತೀರಿಕೊಂಡು ಐದು ತಿಂಗಳಾದ ಮೇಲೆ ಬಂತು. ಅಲ್ಲಾಹನ ಲೆಕ್ಕ ನಮಗೆ ತಿಳಿಯದು ಎಂದು ಎಲ್ಲರಿಗೂ ಹೇಳುವವನು ನಾನೇ. ಆದರೂ ಝಳಕಿಗೆ ಹೊರಟ ಆ ಬುಧವಾರ ಇಂಡಿಯಲ್ಲಿ ಬಸ್ ಬದಲಿಸುವಾಗ ಆ ಲೆಕ್ಕ ನನಗೆ ಸರಿಕಾಣಲಿಲ್ಲ.

“ಬರ್ರಿ ಬರ್ರಿ ಮಾಸ್ತರ!” ಇಸಾಕ ಗಲ್ಲಾಪೆಟ್ಟಿಗೆಯ ಹಿಂದಿನಿಂದ ಎದ್ದು ಬಂದ. ಶಾಲೆಯಲ್ಲಿ ನನಗಿಂತ ಒಂದು ವರ್ಷ ಹಿಂದಿದ್ದವನು. ಈಗ ಗಡ್ಡಕ್ಕೆ ಮೆಹಂದಿ ಹಚ್ಚಿದ್ದ. “ಇಂಥಾ ಬಿಸಲಾಗ ಎರಡು ಬಸ್ ಬದಲಿಸಿ ಬಂದ್ರೇನು? ಒಂದು ಫೋನ್ ಮಾಡಿದ್ರ ಗಾಡಿ ಕಳಸ್ತಿದ್ದೆ.”

“ನಿನ್ನ ಗಾಡಿ ನಿನಗ ಇರಲಿ. ನನ್ನ ಮನಿ ಮಗಳನ್ನ ನೋಡಾಕ ಬಂದೇನಿ.”

“ನಿಮ್ಮ ಮನಿ ಮಗಳು?” ಎಂದು ನಕ್ಕ. “ನೀವು ಓದಿದವರು. ಕಾಗದದಾಗ ಏನ್ ಐತಿ ಓದ್ರಿ, ಆಮ್ಯಾಲ ಹೇಳ್ರಿ.”

ಹೋಟೆಲಿನ ಹಿಂದೆಯೇ ಅವನ ಮನೆ. ಪಡಸಾಲೆಯ ನೆಲಕ್ಕೆ ಹೊಸ ಟೈಲ್ಸ್ ಹಾಕಿಸಿದ್ದ. ಶಬಾನಾ ಕುರ್ಚಿಯಲ್ಲಿ ಕೂತಿದ್ದಳು. ನಲವತ್ತರ ಆಸುಪಾಸು, ತಲೆಗೆ ನೀಲಿ ವಸ್ತ್ರ, ಕಣ್ಣಿಗೆ ಕನ್ನಡಕ. ತಾನೂ ಶಾಲೆಯಲ್ಲಿ ಕಲಿಸುವವಳೆಂದು ಹೇಳಿದಾಗ ನನಗೆ ಒಳಗೇ ಹಿಗ್ಗಾಯಿತು. ನಮ್ಮ ರಕ್ತ ಎಂದುಕೊಂಡೆ. ಅವಳ ಮಾತು ಉರ್ದುವಿನಲ್ಲಿ, ಪುಸ್ತಕ ನೋಡಿ ಓದಿದಂತೆ ನಿಧಾನ. ಇಲ್ಲಿ ಕನ್ನಡದಲ್ಲಿಯೇ ಬರೆಯುತ್ತೇನೆ.

“ದಾದಾ ನಿಮ್ಮ ವಿಷಯ ಹೇಳಿದ್ದರು,” ಎಂದಳು. ದಾದಾ ಎಂದರೆ ಇಸಾಕ. ಅವನಿಗೆ ದಾದಾ, ಅಂದರೆ ಅಜ್ಜ. ನನಗೆ ಮಾಸ್ತರರು.

ಅವರ ಮನೆಯಲ್ಲಿ ರಾವಸಾಬನ ನೆನಪು ಇತ್ತಂತೆ, ಊರು ಮರೆತಿತ್ತಂತೆ. ಅಲ್ಲಿಯ ಹಳೆಯ ದಫ್ತರದಲ್ಲಿ ಆ ದೇಶಕ್ಕೆ ಕಬ್ಬಿನ ತೋಟಕ್ಕೆಂದು ಬಂದವರೆಲ್ಲರ ಹೆಸರು ಇದೆಯಂತೆ. ಎರಡು ವರ್ಷ ಹುಡುಕಿ ಒಂದು ಹಾಳೆಯ ನಕಲು ತೆಗೆಸಿದ್ದಳು. ಅದನ್ನು ನನ್ನ ಕೈಗೆ ಕೊಟ್ಟಳು. ಹೆಸರು ರಾವಸಾಬ. ತಂದೆಯ ಹೆಸರು ಇಮಾಮ. ವಯಸ್ಸು ಇಪ್ಪತ್ತೆರಡು. ಊರು ಝಳಕಿ, ಜಿಲ್ಲೆ ಸೋಲಾಪುರ. ತೀರಿಕೊಂಡ ತಾರೀಖು ಕೆಳಗೆ ಬೇರೆ ಶಾಯಿಯಲ್ಲಿತ್ತು. ಆ ತಾರೀಖಿನ ಮೇಲೆ ಬೆರಳಿಟ್ಟುಕೊಂಡು ನಾನು ಎಷ್ಟು ಹೊತ್ತು ಕೂತೆನೋ. ನಮ್ಮ ಮನೆ ಐದು ತಲೆಮಾರು ಕಾದ ಸುದ್ದಿ ಅದು. ಇಸಾಕನ ಟೈಲ್ಸಿನ ಮೇಲೆ ಕೂತು ಓದಬೇಕಾಯಿತು.

“ಓದಿದ್ರಿ?” ಇಸಾಕ ಕೇಳಿದ. “ಊರು ಯಾವುದು?”

“ಹುಟ್ಟಿದೂರು ಝಳಕಿ. ಬಾಣಂತನಕ್ಕ ತವರಿಗೆ ಬಂದ್ರ ಮಗ ತವರಿನವ ಆಗ್ತಾನೇನು? ಹಂಗಾದ್ರ ನಿನ್ನ ಹಿರೀಮಗ ಸಿಂದಗಿಯವ ಆಗಬೇಕಾಗ್ತದ.”

“ಸರಕಾರಿ ಕಾಗದ, ಮಾಸ್ತರ. ನಾ ಬರದದ್ದಲ್ಲ.”

“ನಿಮ್ಮ ಮನಿತನದಾಗ ಇಮಾಮ ಯಾರಿದ್ರು ಹೇಳು ನೋಡೋಣ.”

“ಹುಡಕಿದ್ರ ನಾಕ್ ಮಂದಿ ಸಿಗ್ತಾರ. ಇಮಾಮಂದಿರಿಗೇನ್ ಬರ?” ಎಂದು ಇಸಾಕ ಅಂದಾಗ ಒಳಗಿನಿಂದ ಹೆಂಗಸರು ಕಿಸಕ್ಕನೆ ನಕ್ಕರು. ಶಬಾನಾಗೆ ಕನ್ನಡ ತಿಳಿಯದು. ಆದರೂ ಎಲ್ಲರ ಜೊತೆ ನಕ್ಕಳು. ಇಸಾಕ ಅವಳ ತಲೆಯ ಮೇಲೆ ಕೈಯಿಟ್ಟ. ಅವಳು ಆ ಕೈಯನ್ನು ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡಳು. ಆ ಕೈ ನನ್ನದಾಗಬೇಕಿತ್ತು. ಹನ್ನೊಂದು ಪತ್ರ ಬರೆದ ಕೈ ನನ್ನದು.

ಶುಕ್ರವಾರ ಜುಮ್ಮಾ ನಮಾಜಿನ ನಂತರ ಇಸಾಕನ ಅಂಗಳದಲ್ಲಿ ರಾವಸಾಬನ ಹೆಸರಿನ ಮೊದಲ ಫಾತೆಹಾ ಎಂದು ನಿಶ್ಚಯವಾಗಿತ್ತು. ಸಿಂದಗಿಯಿಂದ ಮೌಲಾನಾ ಬರುವವರು. ಮುನ್ನೂರು ಮಂದಿಗೆ ಬಿರ್ಯಾನಿ. ಶಬಾನಾ ಒಂದು ಪುಸ್ತಕ ತೆರೆದು, ಮೌಲಾನಾರಿಗೆ ಕೊಡಲು ಹೆಸರುಗಳನ್ನು ಬರೆದುಕೊಂಡದ್ದನ್ನು ತೋರಿಸಿದಳು. ಮಗನ ಹೆಸರು, ತಂದೆಯ ಹೆಸರು. ಮೂರನೆಯ ಸಾಲು ಖಾಲಿ.

“ಅವನ ತಾಯಿಯ ಹೆಸರು ಕಾಗದದಲ್ಲಿ ಇಲ್ಲ,” ಎಂದಳು. “ದಾದಾ, ನಿಮಗೆ ನೆನಪಾಯಿತೇ?”

“ನೋಡೋಣ ಬೇಟಾ, ಹಿರೀಕರನ್ನ ಕೇಳಿ ಹೇಳ್ತೇನಿ,” ಎಂದ ಇಸಾಕ. ಅವನ ಮನೆತನದಲ್ಲಿ ಅವನಿಗಿಂತ ಹಿರಿಯರು ಯಾರೂ ಉಳಿದಿರಲಿಲ್ಲ.

ಆಗ ನನಗೆ ತಿಳಿಯಿತು. ಕೊಟ್ಟ ಹೆಣ್ಣಿನ ಹೆಸರನ್ನು ಆ ಮನೆ ಮರೆತಿದೆ. ಹೆಸರು ನನ್ನ ನಾಲಿಗೆಯ ತುದಿಗೆ ಬಂತು. ನಾನು ಅದನ್ನು ನುಂಗಿದೆ. ಚಹಾ ಬಂತು. ಚಹಾದ ಜೊತೆ ನುಂಗಿದೆ. ಆ ಹೆಣ್ಣುಮಗಳು ಖಾಲಿ ಸಾಲಿನ ಮೇಲೆ ಪೆನ್ನು ಹಿಡಿದು ಕೂತದ್ದನ್ನು ನೋಡುತ್ತಿದ್ದೆ, ಹೇಳಲಿಲ್ಲ. ಇಸಾಕನ ಹತ್ತಿರ ಫ್ಲೆಕ್ಸ್ ಇದೆ, ಗಾಡಿ ಇದೆ, ಮುನ್ನೂರು ಮಂದಿ ಇದ್ದಾರೆ. ಇದೊಂದು ನನ್ನ ಹತ್ತಿರ ಇರಲಿ ಎನ್ನಿಸಿತು.

ಬಸ್ಸಿನ ತನಕ ಇಸಾಕ ಬಂದ. ದಾರಿಯಲ್ಲಿ ದನಿ ಇಳಿಸಿ, “ಸಿಟ್ಟಿಗೇಳಬ್ಯಾಡ್ರಿ ಮಾಸ್ತರ. ಅವ ನಿಮ್ಮವ. ನನಗೂ ಗೊತ್ತೈತಿ,” ಎಂದ.

“ಗೊತ್ತಿದ್ದೂ ಫ್ಲೆಕ್ಸ್ ಹಾಕ್ಸಿದಿ?”

“ನಮ್ಮ ಅಜ್ಜಿ ಒಂದು ಮಾತು ಹೇಳ್ತಿದ್ಲು. ಅವನಪ್ಪ ಅವನ್ನ ಹೊಡದು ಹೊರಗ ಹಾಕಿದ್ದ. ಆ ಸಂಜಿ ಅವ ನಡಕೋಂತ ಇಲ್ಲಿಗೆ ಬಂದ. ನಮ್ಮ ಮನ್ಯಾಗ ಮಲಗಿದ, ನಮ್ಮವರ ಕೈಲಿಂದ ರೊಟ್ಟಿ ಬುತ್ತಿ ಕಟಿಸ್ಕೊಂಡು ಹ್ವಾದ. ತಾಂಬಾದವರು ಇದನ್ನ ಹೇಳೂದಿಲ್ಲಲ್ರಿ?”

ಹೇಳುವುದಿಲ್ಲ. ನಮ್ಮ ಮನೆಯಲ್ಲಿ ಅದನ್ನು ‘ಬಿಟ್ಟುಹೋದ’ ಎನ್ನುತ್ತಾರೆ.

“ಹೆಣ್ಣು ಕೊಟ್ಟ ಮನಿ ನಮ್ಮದು,” ಎಂದ ಇಸಾಕ. “ಎಂದರ ಯಾರರ ನಮ್ಮನ್ನ ಹುಡಕ್ಕೊಂಡ ಬಂದಾರೇನು? ಒಮ್ಮೆ ಬಂದಾರ. ನಾವೂ ಒಂದೀಟು ಅನುಭವಿಸ್ತೇವಿ ಬಿಡ್ರಿ.”

ನಾನು ಬಸ್ ಹತ್ತಿದೆ. ಅವನ ಮಾತು ನಿಜವಿರಬಹುದು ಎಂಬ ಯೋಚನೆ ಇಂಡಿಯ ತನಕ ನನ್ನ ಜೊತೆ ಬಂತು. ಅದರಿಂದ ಹೊಟ್ಟೆಯ ಉರಿ ಕಡಿಮೆಯಾಗಲಿಲ್ಲ, ಹೆಚ್ಚಾಯಿತು. ಹುಡುಗನನ್ನು ನಾವು ಕಳೆದುಕೊಂಡೆವು, ಬುತ್ತಿ ಅವರು ಕಟ್ಟಿದರು. ಈಗ ಸುದ್ದಿಯೂ ಅವರಿಗೆ, ಮೊದಲ ಫಾತೆಹಾವೂ ಅವರಿಗೆ.

ತಾಂಬಾಕ್ಕೆ ಮುಟ್ಟುವಷ್ಟರಲ್ಲಿ ನನ್ನ ವಿಚಾರ ಗಟ್ಟಿಯಾಗಿತ್ತು. ಶುಕ್ರವಾರಕ್ಕಿಂತ ಮೊದಲು ಗುರುವಾರ ಬರುತ್ತದೆ. ಮೊದಲ ಫಾತೆಹಾ ನಮ್ಮ ಮನೆಯಲ್ಲಿಯೇ ಆಗಬೇಕು. ಇಸಾಕ ಮೌಲಾನಾರನ್ನು ಕರೆಸಲಿ, ಮುನ್ನೂರು ಮಂದಿಯನ್ನು ಉಣ್ಣಿಸಲಿ, ಅವನದು ಎರಡನೆಯದು.

ಗುರುವಾರ ಬೆಳಿಗ್ಗೆ ಸೊಸೆ ಗುಲನಾಜಳಿಗೆ ಮಾಲದಿ ಮಾಡಲು ಹೇಳಿದೆ.

“ನಾಳೆ ಝಳಕ್ಯಾಗ ಬಿರ್ಯಾನಿ ಐತೆಲ್ರಿ ಮಾವಾ, ಇವತ್ತ್ಯಾಕ ಮಾಲದಿ?”

“ಹೇಳಿದಷ್ಟು ಮಾಡವಾ.”

“ಇಸಾಕ ಕಾಕಾನ ಮ್ಯಾಲಿನ ಸಿಟ್ಟು ನನ್ನ ಮ್ಯಾಲ ಯಾಕ್ರಿ? ಮಾಡ್ತೇನಿ. ಅತ್ತಿ ಕೈ ರುಚಿ ಬರ್ಲಿಕ್ಕಂದ್ರ ಬೈಬ್ಯಾಡ್ರಿ ಮತ್ತ.”

ಸಂಜೆಯ ಮಗರಿಬ್ ನಮಾಜು ಮುಗಿಸಿ ಕೂತೆ. ಲೋಬಾನ ಹಾಕಿದೆ. ತಾಟು ಮುಂದಿತ್ತು. ಗುಲನಾಜ ಬಾಗಿಲ ಮರೆಗೆ ನಿಂತಿದ್ದಳು. ಬೇರೆ ಬಟ್ಟಲು ಈ ಸಲ ಬೇಕಾಗಿರಲಿಲ್ಲ. ಓದುವುದನ್ನು ಓದಿ ಹೆಸರುಗಳಿಗೆ ಬಂದೆ. ಇಮಾಮಸಾಬ. ಖಾತುನಬಿ. ಅವರ ಮಕ್ಕಳು, ಸೊಸೆಯಂದಿರು. ನನ್ನ ಅಜ್ಜ, ಅಜ್ಜಿ. ಅಪ್ಪ, ಅವ್ವ. ಎಲ್ಲವನ್ನೂ ಬೇಗ ಬೇಗ ಹೇಳಿದೆ. ಮನಸ್ಸು ಕೊನೆಯ ಹೆಸರಿನ ಮೇಲಿತ್ತು, ಇಸಾಕನ ಮೇಲಿತ್ತು. ರಾವಸಾಬ ಎನ್ನಲು ಬಾಯಿ ತೆರೆದೆ.

“ಮಾವಾ, ಅತ್ತಿ ಹೆಸರು ಬಿಟ್ರಿ,” ಎಂದಳು ಗುಲನಾಜ.

ಕೈಗಳು ಎತ್ತಿದಲ್ಲೇ ನಿಂತವು.

“ಶಬೇಬರಾತಿಗೂ ಬಿಟ್ಟಿದ್ರಿ. ಮರತಿರಬೇಕಂತ ನಾ ಸುಮ್ಮನಿದ್ದೆ.”

ಮರೆತಿರಲಿಲ್ಲ. ಶಬೇಬರಾತಿನ ಸಂಜೆ ಮಾಬುಬಿಯ ಜಾಗ ಬಂದಾಗ ಒಂದು ಉಸಿರು ಸುಮ್ಮನಿದ್ದು ಮುಂದೆ ಹೋಗಿದ್ದೆ. ಮಣ್ಣು ಕೊಟ್ಟವನು ನಾನೇ. ಮೂರನೆಯ ದಿನ, ನಲವತ್ತನೆಯ ದಿನ, ಎಲ್ಲ ಮಾಡಿದವರು ಬೇರೆಯವರು, ಓದಿದವರು ಬೇರೆಯವರು. ನನ್ನ ಬಾಯಿಂದ ಆ ಹೆಸರು ಆ ಸಾಲಿನಲ್ಲಿ ಬಂದಿರಲಿಲ್ಲ.

ಖಾತುನಬಿಯ ಮಾತನ್ನು ನಾನು ಮಕ್ಕಳಿಗೆ ಎಷ್ಟು ಸಲ ಹೇಳಿದ್ದೇನೆ! ನೋಡ್ರಿ, ನಮ್ಮ ಮನೆತನದ ಶಿಸ್ತು, ಐದು ತಲೆಮಾರು ಒಂದು ಮಾತು ತಪ್ಪಿಲ್ಲ ಎಂದು ಎದೆಯುಬ್ಬಿಸಿ ಹೇಳಿದ್ದೇನೆ. ಆಕೆ ನಮ್ಮ ಹೆಚ್ಚುಗಾರಿಕೆಗೆಂದು ಆ ಮಾತು ಹೇಳಿರಲಿಲ್ಲ. ಆ ಹೆಸರನ್ನು ಸತ್ತವರ ಸಾಲಿನಲ್ಲಿ ಹೇಳಲು ಆಕೆಗೆ ಆಗಿರಲಿಲ್ಲ, ಅಷ್ಟೆ. ಮಗನನ್ನು ಹೊರಗೆ ಹಾಕಿದ ಗಂಡನ ಮನೆಯಲ್ಲಿ ಕೂತು ಆಕೆ ಅದನ್ನು ಹೇಳಿದಳು. ಆಕೆ ಕಾದ ಸುದ್ದಿಯನ್ನು ನಾನು ಇಸಾಕನಿಗೆ ಒಂದು ದಿನ ಮುಂದಾಗಲಿಕ್ಕೆ ಎತ್ತಿಕೊಂಡಿದ್ದೆ.

ಮಾಬುಬಿಯ ಹೆಸರು ಆಗಲೂ ಬರಲಿಲ್ಲ. ರಾವಸಾಬನ ಹೆಸರನ್ನು ನಾನು ಹೇಳಲಿಲ್ಲ. ಕೈ ಇಳಿಸಿದೆ.

“ಇದನ್ನ ಡಬ್ಬಿಗೆ ಹಾಕವಾ,” ಎಂದೆ. “ನಾಳೆ ಒಯ್ತೇನಿ.”

ಶುಕ್ರವಾರ ಇಸಾಕನ ಅಂಗಳದಲ್ಲಿ ಪೆಂಡಾಲ್ ಹಾಕಿದ್ದರು. ಮನಗೂಳಿಯಿಂದ, ಇಂಡಿಯಿಂದ ಜನ ಬಂದಿದ್ದರು. ನನ್ನನ್ನು ಇಸಾಕ ಮುಂದಿನ ಸಾಲಿಗೆ ಕರೆದ. ಅದೂ ಅವನ ದೊಡ್ಡಸ್ತಿಕೆಯೇ ಎಂದು ಮನಸ್ಸಿನಲ್ಲಿ ಬಂತು. ಗುಲನಾಜಳ ಸ್ಟೀಲಿನ ಡಬ್ಬಿಯನ್ನು ಅವನ ಹಿತ್ತಾಳೆಯ ತಾಟುಗಳ ಪಕ್ಕದಲ್ಲಿಟ್ಟೆ. ಬಹಳ ಸಣ್ಣದಾಗಿ ಕಂಡಿತು.

ಮೌಲಾನಾ ಶಬಾನಾಳ ಪುಸ್ತಕವನ್ನು ಹಿಡಿದು ನೋಡಿದರು. “ರಾವಸಾಬ ವಲ್ದ ಇಮಾಮಸಾಬ. ಇವರ ತಾಯಿ ಹೆಸರ ಏನ್ರಿ?”

ಇಸಾಕ ಗಂಟಲು ಸರಿಮಾಡಿಕೊಂಡ. ಶಬಾನಾ ಅವನ ಮುಖ ನೋಡಿದಳು. ಅವನು ನೆಲ ನೋಡಿದ. ಮುನ್ನೂರು ಮಂದಿ ಅವನನ್ನೇ ನೋಡುತ್ತಿದ್ದರು. ಸುಳ್ಳು ಹೇಳುವುದಿಲ್ಲ, ನನಗೆ ಸಂತೋಷವಾಯಿತು. ಇನ್ನು ಸ್ವಲ್ಪ ಹೊತ್ತು ಹೀಗೆಯೇ ಇರಲಿ ಎನ್ನಿಸಿತು. ಈಗ ನಾನು ಎದ್ದು, ಆಕೆ ತಾಂಬಾದ ಇಮಾಮಸಾಬನ ಹೆಂಡತಿ, ಈ ಮನೆಯವರಿಗೆ ಆಕೆಯ ಹೆಸರೂ ಗೊತ್ತಿಲ್ಲ ಎಂದು ಒಂದು ಮಾತು ಹೇಳಿದರೆ ಸಾಕಿತ್ತು. ಆ ಫ್ಲೆಕ್ಸು ತಾನಾಗಿ ಬೀಳುತ್ತಿತ್ತು.

“ಖಾತುನಬಿ,” ಎಂದೆ.

ಎಲ್ಲರೂ ನನ್ನ ಕಡೆಗೆ ತಿರುಗಿದರು.

“ಖಾತುನಬಿ. ಝಳಕಿಯ ಮಗಳು. ಈ ಮನಿಯಿಂದ ನಮ್ಮ ಮನಿಗೆ ಬಂದಾಕಿ. ಸುದ್ದಿ ಬರೂತನಕ ಮಗನ ಫಾತೆಹಾ ಓದಬ್ಯಾಡ್ರಿ ಅಂತ ಹೇಳಿದ್ಲು. ನಾವು ಓದಿಲ್ರಿ. ಸುದ್ದಿ ಆಕಿ ತವರಿಗೆ ಬಂದೈತಿ. ಇಲ್ಲೇ ಓದ್ರಿ.”

ನಾನು ಹೇಳಿದ್ದನ್ನು ಮೌಲಾನಾ ಶಬಾನಾಗೆ ಉರ್ದುವಿನಲ್ಲಿ ತಿಳಿಸಿದರು. ಅವಳು ಕೇಳಿದಳು, ಬರೆದುಕೊಳ್ಳಲಿಲ್ಲ. ಎದ್ದು ಬಂದು ನನ್ನ ಎದುರು ಚಾಪೆಯ ಮೇಲೆ ಕೂತು, “ಇಷ್ಟು ವರ್ಷ ಯಾರೂ ಓದಲಿಲ್ಲವೇ?” ಎಂದಳು.

“ಇಲ್ಲ ಬೇಟಾ.”

ಇಸಾಕ ಮುಖ ಆಚೆ ತಿರುಗಿಸಿ ಹೆಗಲ ಮೇಲಿನ ವಸ್ತ್ರದಿಂದ ಕಣ್ಣು ಒರೆಸಿಕೊಂಡ. ಮೌಲಾನಾ ಓದಿದರು. ರಾವಸಾಬ ಎಂಬ ಹೆಸರನ್ನು ಆ ಸಾಲಿನಲ್ಲಿ ನಾನು ಮೊದಲ ಸಲ ಕೇಳಿದೆ. ಅದರ ಹಿಂದೆಯೇ ಖಾತುನಬಿಯ ಹೆಸರು. ಆಮೇಲೆ ಮೌಲಾನಾ, “ಮತ್ತ್ಯಾರರ ಹೆಸರು ಸೇರಸೂದೈತೇನ್ರಿ?” ಎಂದು ಕೇಳಿದರು.

ನನ್ನ ಕೈಗಳು ಎತ್ತಿದಂತೆಯೇ ಇದ್ದವು. ಲೋಬಾನದ ಹೊಗೆ ನೇರವಾಗಿ ನನ್ನ ಕಡೆಗೇ ಬರುತ್ತಿತ್ತು.

“ಮಾಬುಬಿ,” ಎಂದೆ. “ತಾಂಬಾದ ಮಾಬುಬಿ.”

ಸಂಜೆ ಶಬಾನಾ ತಾಂಬಾವನ್ನು ನೋಡಬೇಕೆಂದಳು. ಇಸಾಕನ ಗಾಡಿಯಲ್ಲಿಯೇ ಹೊರಟೆವು. ಅವಳನ್ನು ಅವನು ಮುಂದೆ ತನ್ನ ಪಕ್ಕದಲ್ಲಿ ಕೂಡಿಸಿಕೊಂಡ. ನಾನು ಹಿಂದೆ, ಖಾಲಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ದಾರಿಯುದ್ದಕ್ಕೂ ಅವಳು ‘ದಾದಾ, ದಾದಾ’ ಎಂದು ಅವನನ್ನೇ ಏನೇನೋ ಕೇಳುತ್ತಿದ್ದಳು. ಮನೆಗೆ ಬಂದ ಮೇಲೆ ಗುಲನಾಜ ಆ ಬೇರೆ ಬಟ್ಟಲನ್ನು ತೊಳೆದು, ಹೊಸದಾಗಿ ಮಾಡಿದ ಮಾಲದಿ ಹಾಕಿ ಅವಳ ಮುಂದಿಟ್ಟಳು. ಶಬಾನಾ ಮೂರು ಸಲ ಹಾಕಿಸಿಕೊಂಡು ಉಂಡಳು. ಇಸಾಕನ ಬಿರ್ಯಾನಿಯನ್ನು ಎರಡೇ ಸಲ ಹಾಕಿಸಿಕೊಂಡಿದ್ದಳು. ನಾನು ಎಣಿಸಿದ್ದೆ.